ಮನೆಯಲ್ಲಿ ಕಟ್ಟುವ ವೇಗದ ಮೋಟಾರು

ಮೋಟಾರು ಗಾಡಿಯನ್ನು ಕೊಂಡು ಓಡಿಸುವವರು ಲೋಕದಲ್ಲಿ ಕೋಟ್ಯಂತರ ಮಂದಿ. ಅದನ್ನು ಬಿಚ್ಚಿ, ತೂಕವಿಳಿಸಿ, ತಿದ್ದಿ, ಮೊದಲಿಗಿಂತ ಚುರುಕಾಗಿ ಓಡುವಂತೆ ತಮ್ಮ ಮನೆಯಲ್ಲಿಯೇ ಮರಳಿ ಕಟ್ಟಿಕೊಳ್ಳುವವರು ಬಹು ವಿರಳ. ಈ ವಿರಳರ ಕೆಲಸ ಎಂಥದು, ಅದರಲ್ಲಿ ಅಡಗಿರುವ ಯಂತ್ರಶಾಸ್ತ್ರವೆಷ್ಟು, ಅಪಾಯವೆಷ್ಟು ಎಂಬುದನ್ನು ಈ ದಿನ ಸ್ವಲ್ಪ ವಿಚಾರಮಾಡೋಣ. ಮಾತು ಗಾಳಿಗೆ ಹಾರಿಹೋಗದಿರಲೆಂದು ಒಂದು ಗಾಡಿಯನ್ನೇ ಉದಾಹರಣೆಯಾಗಿ ಹಿಡಿಯುತ್ತೇವೆ. ಅದು ಇಂಗ್ಲೆಂಡಿನ ಆಸ್ಟಿನ್ ಸೆವೆನ್.

೧೯೨೧ರಲ್ಲಿ ಸರ್ ಹರ್ಬರ್ಟ್ ಆಸ್ಟಿನ್ನರ ಕಂಪೆನಿ ಹಣದ ಮುಗ್ಗಟ್ಟಿನಲ್ಲಿತ್ತು. ಜನಸಾಮಾನ್ಯರಿಗೆ ಎಟುಕುವ ಸಣ್ಣ ಗಾಡಿಯೊಂದನ್ನು ಮಾಡೋಣವೆಂದರೆ ಆಡಳಿತ ಮಂಡಲಿಯವರು ಒಪ್ಪಲಿಲ್ಲ. ಆಸ್ಟಿನ್ನರು ಸುಮ್ಮನಾಗದೆ ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರನನ್ನು ತಮ್ಮ ಮನೆಗೇ ಕರೆಸಿಕೊಂಡು, ಬಿಲಿಯರ್ಡ್ಸ್ ಆಡುವ ಕೊಠಡಿಯಲ್ಲಿ ಕೂರಿಸಿ, ನಕ್ಷೆ ಬರೆಯಿಸಿದರು. ೧೯೨೨ರಲ್ಲಿ ಗಾಡಿ ಹೊರಬಂದಿತು. ೧೯೩೯ರಲ್ಲಿ ಅದರ ತಯಾರಿಕೆ ನಿಲ್ಲುವ ವೇಳೆಗೆ ಸುಮಾರು ೨,೯೦,೦೦೦ ಗಾಡಿಗಳು ರಸ್ತೆಗೆ ಇಳಿದಿದ್ದುವು. ಎಂಜಿನ್ನಿನ ಗಾತ್ರ ೭೪೭ ಘನ ಸೆಂಟಿಮೀಟರು. ಶಕ್ತಿ ಹತ್ತು ಅಶ್ವಶಕ್ತಿಗೆ ಚೂರು ಮೇಲು. ಗಾಡಿಯ ಒಟ್ಟು ತೂಕ ಸುಮಾರು ೩೬೦ ಕಿಲೋಗ್ರಾಂ. ಎರಡನೆಯ ಮಹಾಯುದ್ಧ ಮುಗಿದಾಗ ಇಂಗ್ಲೆಂಡಿನಲ್ಲಿ ಹೊಸ ಗಾಡಿ ಸಿಕ್ಕುವುದೇ ದುರ್ಲಭವಾಗಿತ್ತು. ಹಳೆಯ ಸೆವೆನ್ ಮಾತ್ರ ಯಾವ ಗುಜರಿಯಲ್ಲಿ ಹುಡುಕಿದರೂ ಅಗ್ಗವಾಗಿ ಸಿಕ್ಕುತ್ತಿತ್ತು. ಹೀಗೆ, ಮನೆಯಲ್ಲಿ ಹುಟ್ಟಿದ ಗಾಡಿ ಸಾವಿರಾರು ಮನೆಗಳಲ್ಲಿ ಎರಡನೆಯ ಜನ್ಮವನ್ನು ಪಡೆಯಿತು. ಇಂಥ ಗಾಡಿಗಳಿಗೆ ಅಲ್ಲಿಯವರು ‘ಸ್ಪೆಷಲ್’ ಎಂದು ಹೆಸರಿಟ್ಟರು. ೧೯೩೯ರಲ್ಲಿಯೇ ಸ್ಥಾಪಿತವಾಗಿದ್ದ ‘೭೫೦ ಮೋಟಾರ್ ಕ್ಲಬ್’ ಎಂಬ ಸಂಘ ಇವರಿಗೆ ಆಶ್ರಯವಾಯಿತು.

ಈ ಹವ್ಯಾಸಿಗಳಲ್ಲಿ ಕಾಲಿನ್ ಚಾಪ್ಮನ್ ಎಂಬಾತ ಲಂಡನ್ನಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಓದಿನ ನಡುವೆ ಹಳೆಯ ಗಾಡಿಗಳ ವ್ಯಾಪಾರವೂ ಇತ್ತು. ೧೯೪೭ರ ಕೊನೆಯಲ್ಲಿ ಸರ್ಕಾರದವರು ಖಾಸಗಿ ಗಾಡಿಗಳಿಗೆ ಕೊಡುತ್ತಿದ್ದ ಪೆಟ್ರೋಲ್ ಪಡಿತರವನ್ನು ನಿಲ್ಲಿಸಿದರು; ವ್ಯಾಪಾರ ಬಿದ್ದುಹೋಯಿತು. ಮಾರಾಟವಾಗದೆ ಉಳಿದ ಒಂದು ಆಸ್ಟಿನ್ ಸೆವೆನ್ನನ್ನು ೧೯೪೮ರಲ್ಲಿ ಆತ, ಮುಂದೆ ತನ್ನ ಕೈಹಿಡಿದ ಹೇಜೆಲ್ ವಿಲಿಯಮ್ಸ್ ಅವರ ತಂದೆತಾಯಿಗಳ ಮನೆಯ ಹಿಂದಿನ ಗರಾಜಿನಲ್ಲಿ ಬಿಚ್ಚಿ, ಅಲ್ಯೂಮಿನಿಯಂ ತಗಡು ಅಂಟಿಸಿದ ಪ್ಲೈವುಡ್ಡಿನಿಂದ ಹೊಸ ಮೈ ಕಟ್ಟಿದ. ಅದೇ ಮೊದಲನೆಯ ಲೋಟಸ್. ಭೂಮಂಡಲದ ಮತ್ತೊಂದು ತುದಿಯಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಬ್ರೂಸ್ ಮೆಕ್‌ಲಾರೆನ್ ಎಂಬ ಬಾಲಕ ತಂದೆಯ ಗರಾಜಿನಲ್ಲಿ ಇಂಥದೇ ಸೆವೆನ್ ಒಂದರಿಂದ ವಿದ್ಯೆ ಕಲಿತು, ೧೯೬೩ರಲ್ಲಿ ತನ್ನ ಹೆಸರಿನ ರೇಸು ಸಂಸ್ಥೆಯನ್ನು ಸ್ಥಾಪಿಸಿದ. ಎಲ್ಲರೂ ಹೀಗಾಗುವುದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಕೆಲಸದ ವಿಚಾರ. ವೇಗವೆಂದೊಡನೆ ಹೊಸಬನ ಕೈ ಎಂಜಿನ್ನಿನ ಕಡೆಗೆ ಹೋಗುತ್ತದೆ. ಬಲ್ಲವನು ಮೊದಲು ತಕ್ಕಡಿಯನ್ನು ತರುತ್ತಾನೆ. ೩೬೦ ಕಿಲೋ ಗಾಡಿಗೆ ೭೦ ಕಿಲೋ ತೂಗುವ ಚಾಲಕನನ್ನು ಸೇರಿಸಿದರೆ ೪೩೦ ಕಿಲೋ ಆಯಿತು. ಭಾರವಾದ ಮೈ, ಗಾಜು, ಹಿಂದಿನ ಆಸನ ಇವನ್ನು ಕಳಚಿ ೬೦ ಕಿಲೋ ಇಳಿಸಿದೆವೆನ್ನಿ. ಅದೇ ಎಂಜಿನ್ ಈಗ ಎಳೆಯುವುದು ೩೭೦ ಕಿಲೋ. ಗಾಡಿ ವೇಗಗೊಳ್ಳುವ ರಭಸ ಹೆಚ್ಚು ಕಡಮೆ ಆರರಲ್ಲೊಂದು ಪಾಲು ಏರಿತು. ಎಂಜಿನ್ನಿನಿಂದ ಇಷ್ಟನ್ನೇ ಪಡೆಯಬೇಕಾದರೆ ಹಣವೂ ಬೇಕು, ಅದರ ಆಯುಸ್ಸಿಗೂ ಕುಂದು. ತೂಕವಿಳಿದರೆ ತಿರುವಿನಲ್ಲಿ ಟೈರಿಗೂ ನಿಲ್ಲಿಸುವಾಗ ಬ್ರೇಕಿಗೂ ಸುಖ. ಆದರೆ ಕಂಡದ್ದನ್ನೆಲ್ಲ ಕತ್ತರಿಸಿಹಾಕುವುದು ತೂಕವಿಳಿಸುವುದಲ್ಲ. ಯಾವ ಲೋಹದ ಚೂರು ಯಾವ ಭಾರವನ್ನು ಹೊರುತ್ತಿದೆಯೆಂದು ತಿಳಿಯದೆ ಗರಗಸ ಹಿಡಿಯಬಾರದು.

ಎರಡನೆಯದು ಚೌಕಟ್ಟು, ಅಂದರೆ ಚಾಸಿ. ಸೆವೆನ್ನಿನ ಚೌಕಟ್ಟು ಇಂಗ್ಲಿಷಿನ ‘ಎ’ ಅಕ್ಷರದ ಆಕಾರದ್ದು. ಒಂದು ಪಕ್ಕ ತೆರೆದಿರುವ, ದೋಣಿಯಂತೆ ಮಡಿಸಿದ ತಗಡಿನ ತೊಲೆಗಳಿಂದ ಮಾಡಿದ್ದು. ತೆರೆದ ತೊಲೆಗೂ ಮುಚ್ಚಿದ ತೊಲೆಗೂ ಇರುವ ವ್ಯತ್ಯಾಸವನ್ನು ಮನೆಯಲ್ಲಿಯೇ ನೋಡಬಹುದು. ದಪ್ಪ ಕಾಗದವೊಂದನ್ನು ಕೊಳವೆಯಾಗಿ ಸುತ್ತಿ, ಎರಡು ತುದಿಗಳನ್ನು ಹಿಡಿದು ಒದ್ದೆಬಟ್ಟೆ ಹಿಂಡುವಂತೆ ತಿರುಚಿರಿ. ಅಂಚುಗಳನ್ನು ಅಂಟಿಸದೆ ಬಿಟ್ಟರೆ ಒಂದರ ಮೇಲೊಂದು ಜಾರಿ, ಕೊಳವೆ ಸಲೀಸಾಗಿ ತಿರುಚಿಕೊಳ್ಳುತ್ತದೆ. ಉದ್ದಕ್ಕೂ ಅಂಟಿಸಿಬಿಟ್ಟರೆ ಅದೇ ಕಾಗದ ಹಟಹಿಡಿದು ನಿಲ್ಲುತ್ತದೆ. ಕಾಗದ ಒಂದು ಗುಂಜಿಯಷ್ಟೂ ಹೆಚ್ಚಲಿಲ್ಲ. ಬಿಗಿತ ಹಲವು ಪಟ್ಟು ಹೆಚ್ಚಿತು. ಈ ಕಾರಣದಿಂದಲೇ ಸ್ಪೆಷಲ್ ಕಟ್ಟುವವರು ತೊಲೆಯ ತೆರೆದ ಪಕ್ಕಕ್ಕೆ ತಗಡನ್ನು ಬೆಸೆದು ಪೆಟ್ಟಿಗೆಯಂತೆ ಮುಚ್ಚುತ್ತಿದ್ದರು. ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ಚೌಕಟ್ಟೇ ತಿರುಚಿಕೊಳ್ಳುತ್ತಿದ್ದರೆ ಅದೂ ಒಂದು ಸ್ಪ್ರಿಂಗಿನಂತಾಗಿ, ಚಕ್ರಗಳ ಸ್ಪ್ರಿಂಗನ್ನು ನಾವು ಎಷ್ಟು ಜಾಣತನದಿಂದ ಹೊಂದಿಸಿದರೂ ವ್ಯರ್ಥವಾಗುತ್ತದೆ. ತಿರುವಿನಲ್ಲಿ ಗಾಡಿ ಯಾವ ಕಡೆಗೆ ವಾಲೀತೆಂಬುದನ್ನು ಚಾಲಕ ಮುಂದಾಗಿ ಅರಿಯಲಾರ.

ಎಂಜಿನ್ನಿಗೆ ಬರೋಣ. ಇದರಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುತ್ತವೆ. ಮೇಲಿನ ತಲೆಯೆಂಬುದು ಒಂದು ಮುಚ್ಚಳ ಮಾತ್ರ. ಮುಚ್ಚಳದ ಅಡಿಯನ್ನು ಸ್ವಲ್ಪ ಹೆರೆದರೆ ಪೆಟ್ರೋಲಿನ ಅನಿಲ ಹೆಚ್ಚು ಒತ್ತಿಕೊಂಡು ಉರಿಯುತ್ತದೆ. ಒತ್ತಡದ ಪ್ರಮಾಣ ಐದರಿಂದ ಆರೂವರೆಗೆ ಏರಿದರೆ, ಆದರ್ಶ ಲೆಕ್ಕದಲ್ಲಿ ನೂರಕ್ಕೆ ಹನ್ನೊಂದರಷ್ಟು ಲಾಭ. ಹಾಗಾದರೆ ಹೆರೆಯುತ್ತಲೇ ಹೋಗಬಾರದೇಕೆ? ಪಕ್ಕದ ವಾಲ್ವಿನಿಂದ ಸಿಲಿಂಡರಿಗೆ ಅನಿಲ ದಾಟಿಬರುವ ದಾರಿಯೂ ಆ ಮುಚ್ಚಳದಡಿಯಲ್ಲಿಯೇ ಇದೆ. ಹೆರೆದಷ್ಟೂ ಆ ಗಂಟಲು ಕಿರಿದಾಗುತ್ತದೆ. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಂಡಂತೆ.

ಚಾಪ್ಮನ್ನನ ಬುದ್ಧಿ ಓಡಿದ್ದು ಈ ಗಂಟಲಿನ ವಿಷಯದಲ್ಲಿಯೇ. ಸೆವೆನ್ನಿನ ನಾಲ್ಕು ಸಿಲಿಂಡರುಗಳಿಗೆ ಅನಿಲ ಒಳಹೋಗುವ ಬಾಗಿಲುಗಳು ಎರಡೇ, ಇಬ್ಬಿಬ್ಬರಿಗೆ ಒಂದೊಂದು. ನೆರೆಹೊರೆಯ ಎರಡು ಸಿಲಿಂಡರುಗಳು ಒಂದರ ಬೆನ್ನಿಗೆ ಒಂದು ಉಸಿರೆಳೆಯುವುದರಿಂದ ಒಂದರ ಪಾಲಿಗೆ ಮತ್ತೊಂದು ಕೈಹಾಕುತ್ತದೆ. ಆತ ಬಾಗಿಲಿನ ನಡುವೆ ಒಂದು ಅಡ್ಡಗೋಡೆಯನ್ನಿಟ್ಟು ನಾಲ್ಕಕ್ಕೂ ಪ್ರತ್ಯೇಕ ದಾರಿಯನ್ನು ಮಾಡಿದ. ೧೯೫೧ರ ಅವನ ಮೂರನೆಯ ಗಾಡಿ ಪಂದ್ಯಗಳಲ್ಲಿ ಎಷ್ಟು ಮುಂದೆ ಹೋಯಿತೆಂದರೆ, ಸಂಘದವರು ಈ ಉಪಾಯವನ್ನೇ ಬಹಿಷ್ಕರಿಸಿ ನಿಯಮಮಾಡಬೇಕಾಯಿತು. ತಗಡಿನ ಒಂದು ತುಂಡಿಗೆ ಇದಕ್ಕಿಂತ ದೊಡ್ಡ ಬಿರುದು ಸಿಕ್ಕೀತೆ?

ಇನ್ನೊಂದು ಮಾರ್ಗ, ಎಂಜಿನ್ನನ್ನು ಹೆಚ್ಚು ಸುತ್ತು ತಿರುಗಿಸುವುದು. ಇಲ್ಲಿ ಪ್ರಕೃತಿ ಬಡ್ಡಿಸಹಿತ ವಸೂಲುಮಾಡುತ್ತದೆ. ನಿಮಿಷಕ್ಕೆ ೩,೦೦೦ ಸುತ್ತಿನಿಂದ ೪,೫೦೦ಕ್ಕೆ ಏರಿಸಿದರೆ ಸುತ್ತು ಹೆಚ್ಚಿದ್ದು ಒಂದೂವರೆ ಪಟ್ಟು. ಪಿಸ್ಟನ್ನನ್ನು ಮೇಲೆ ಕೆಳಗೆ ಎಳೆದಾಡುವ ದಂಡಕ್ಕೆ ಬೀಳುವ ಜಗ್ಗಾಟ ಎರಡೂಕಾಲು ಪಟ್ಟು. ೧೯೩೬ರವರೆಗೆ ಸೆವೆನ್ನಿನ ಕ್ರ್ಯಾಂಕ್ ದಂಡಕ್ಕೆ ಎರಡು ತುದಿಗಳಲ್ಲಿ ಮಾತ್ರ ಬೇರಿಂಗು; ನಡುವೆ ಆಧಾರವಿಲ್ಲ. ಸುತ್ತು ಮಿತಿಮೀರಿದರೆ ದಂಡ ಮಕ್ಕಳಾಡುವ ಹಗ್ಗದಂತೆ ಬಾಗಿ, ಕಡೆಗೊಂದು ದಿನ ಮುರಿಯುತ್ತದೆ. ಅದಕ್ಕೆ ಎಣ್ಣೆ ತಲಪುತ್ತಿದ್ದುದೂ ಸಣ್ಣ ರಂಧ್ರಗಳಿಂದ ಚಿಮ್ಮಿದ ಧಾರೆಯಿಂದ. ‘ಉಗುಳಿ ದೇವರ ಮೇಲೆ ಭಾರಹಾಕುವ ಪದ್ಧತಿ’ ಎಂಬರ್ಥದಲ್ಲಿ ಅಲ್ಲಿಯವರು ಇದನ್ನು ಹಾಸ್ಯಮಾಡುತ್ತಿದ್ದರು.

ಬ್ರೇಕಿನ ಮಾತನ್ನು ಜಾಹೀರಾತುಗಳು ಹೇಳುವುದಿಲ್ಲ. ಗಾಡಿ ಕಟ್ಟುವವನೂ ಬಹುಬಾರಿ ಅದನ್ನು ಕಡೆಗೆ ಉಳಿಸಿಕೊಳ್ಳುತ್ತಾನೆ. ಇದು ನಮಗೆ ಒಪ್ಪಿಗೆಯಾದ ಕ್ರಮವಲ್ಲ. ಗಂಟೆಗೆ ೫೦ ಕಿಲೋಮೀಟರಿನಲ್ಲಿ ಓಡುವ ಗಾಡಿಯಲ್ಲಿರುವ ಚಲನಶಕ್ತಿಗಿಂತ ೭೦ರಲ್ಲಿ ಓಡುವಾಗಿನ ಶಕ್ತಿ ಸುಮಾರು ಇಮ್ಮಡಿ. ಅಷ್ಟನ್ನೂ ಬ್ರೇಕುಗಳು ಶಾಖವಾಗಿ ನುಂಗಬೇಕು. ಸೆವೆನ್ನಿನಲ್ಲಿ ೧೯೩೦ರವರೆಗೆ ಕಾಲಿನ ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ, ಮುಂದಿನವಕ್ಕೆ ಕೈಬ್ರೇಕು. ಎಲ್ಲವೂ ತಂತಿಯ ಎಳೆತದಿಂದ ನಡೆಯತಕ್ಕವು. ನಿಲ್ಲಿಸುವಾಗ ಭಾರವೆಲ್ಲ ಮುಂದಕ್ಕೆ ಹೊರಳುವುದರಿಂದ ಹಿಂದಿನ ಚಕ್ರಗಳು ಹಗುರಾಗಿ ಜಾರುತ್ತವೆ. ನಿಲ್ಲಿಸುವ ನಿಜವಾದ ಸಾಮರ್ಥ್ಯ ಮುಂದಿನ ಚಕ್ರಗಳದು. ಆದಕಾರಣ ವಿವೇಕಿಗಳು ಮಾರಿಸ್ ಮೈನರಿನಂಥ ಗಾಡಿಯಿಂದ ದ್ರವದ ಒತ್ತಡದ ಬ್ರೇಕುಗಳನ್ನು ತಂದು ಜೋಡಿಸಿ, ಆಮೇಲೆಯೇ ಎಂಜಿನ್ನನ್ನು ಮುಟ್ಟುತ್ತಿದ್ದರು. ಮನೆಯಲ್ಲಿ ಕಟ್ಟಿದ ಗಾಡಿಗೆ ಶಿಲ್ಪಿಯೂ ಪರೀಕ್ಷಕನೂ ಒಬ್ಬನೇ. ಅದು ಓಡುವ ರಸ್ತೆಯಲ್ಲಿಯಾದರೋ ಶಾಲೆಯ ಮಕ್ಕಳೂ ಇರುತ್ತಾರೆ, ಹಾಲಿನವನೂ ಇರುತ್ತಾನೆ. ಅವರಾರೂ ಈ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟವರಲ್ಲ.

೧೯೫೭ರಲ್ಲಿ ಚಾಪ್ಮನ್ನನ ಕಂಪೆನಿ ‘ಲೋಟಸ್ ಸೆವೆನ್’ ಎಂಬ ಗಾಡಿಯನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿ ಮಾರತೊಡಗಿತು. ಕೊಂಡವನೇ ಜೋಡಿಸಿಕೊಂಡರೆ ಆಗಿನ ಮಾರಾಟದ ಸುಂಕ ತಪ್ಪುತ್ತಿತ್ತು. ಜೋಡಿಸುವ ಕ್ರಮವನ್ನು ಬರೆದುಕೊಟ್ಟರೆ ರಿಯಾಯತಿ ಇಲ್ಲವಾದ್ದರಿಂದ, ಬಿಚ್ಚುವ ಕ್ರಮವನ್ನು ಅಚ್ಚುಹಾಕಿಸಿ ಕೊಟ್ಟರೆಂದೂ, ಗಿರಾಕಿ ಅದನ್ನು ಹಿಂದುಮುಂದಾಗಿ ಓದಿಕೊಳ್ಳುತ್ತಿದ್ದನೆಂದೂ ಹೇಳುವುದುಂಟು. ೧೯೭೩ರಲ್ಲಿ ಸುಂಕದ ರೀತಿಯೇ ಬದಲಾಯಿತು. ಗಾಡಿಯ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ಹೋಯಿತು. ೧೯೯೬ರಲ್ಲಿ ರಾನ್ ಚಾಂಪಿಯನ್ ಎಂಬವರು ೨೫೦ ಪೌಂಡಿನಲ್ಲಿಯೇ ಇಂಥ ಗಾಡಿಯನ್ನು ಕಟ್ಟಬಹುದೆಂದು ಪುಸ್ತಕ ಬರೆದರು. ಚೌಕದ ಉಕ್ಕಿನ ಕೊಳವೆ, ಹಳೆಯ ಫೋರ್ಡ್ ಎಸ್ಕಾರ್ಟಿನ ಎಂಜಿನ್, ಬೆಸೆಯುವ ಯಂತ್ರ ಇವೇ ಸಾಮಗ್ರಿ. ಕಟ್ಟುವವನ ಸಂಜೆಗಳಿಗೆ ಬೆಲೆ ಕಟ್ಟಿದ್ದರೆ ಲೆಕ್ಕ ಬೇರೆಯಾಗುತ್ತಿತ್ತೆಂದು ನಮ್ಮ ಎಣಿಕೆ.

ಆ ದೇಶದಲ್ಲಿ ಇಂಥ ಗಾಡಿಯನ್ನು ರಸ್ತೆಗೆ ಇಳಿಸುವ ಮುನ್ನ ಸರ್ಕಾರದ ಪರೀಕ್ಷಕರು ದೀಪ, ಬ್ರೇಕು, ಚುಕ್ಕಾಣಿ, ಚೂಪಾದ ಅಂಚುಗಳು ಇವೆಲ್ಲವನ್ನೂ ಒಂದೊಂದಾಗಿ ನೋಡುತ್ತಾರೆ. ನಮ್ಮ ದೇಶದ ಕಟ್ಟಳೆ ಇನ್ನೂ ಬಿಗಿ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣದಂತೆ, ತಯಾರಕರು ನಿರ್ದೇಶಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಐವತ್ತು ವರ್ಷ ಮೀರಿದ ಗಾಡಿಗಳಿಗಾಗಿ ೨೦೨೧ರಲ್ಲಿ ಬಂದ ನಿಯಮಗಳೂ ಮೂಲರೂಪವನ್ನೇ ಅಪೇಕ್ಷಿಸುತ್ತವೆ. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಇರುವ ಉತ್ಸಾಹಿಯು ಸ್ಪ್ಯಾನರು ಹಿಡಿಯುವ ಮೊದಲು ಇದನ್ನು ಓದಿಕೊಳ್ಳತಕ್ಕದ್ದು. ಮೂಲರೂಪಕ್ಕೆ ತರುವ ಕೆಲಸದಲ್ಲಿಯೂ ಕೈಗೆ ಬೇಕಾದಷ್ಟು ವಿದ್ಯೆಯುಂಟು.

ಕಟ್ಟಿದ ಮೇಲೆ ಪೋಷಣೆ. ಹೊಸದಾಗಿ ಬಿಗಿದ ನಟ್ಟು ಬೋಲ್ಟುಗಳು ಮೊದಲ ನೂರು ಮೈಲಿಯೊಳಗೆ ತಮ್ಮ ಸ್ಥಾನವನ್ನು ಹುಡುಕಿಕೊಂಡು ಸಡಿಲವಾಗುವುದು ಸಹಜ. ಚಕ್ರ, ಚುಕ್ಕಾಣಿ, ಸ್ಪ್ರಿಂಗುಗಳ ಬೋಲ್ಟುಗಳನ್ನು ಎರಡು ಮೂರು ಸಾರಿಯಾದರೂ ಮತ್ತೆ ನೋಡಬೇಕು. ಬಿಗಿದದ್ದರ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆದಿಟ್ಟರೆ, ಅದು ಕದಲಿದ್ದು ಕಣ್ಣಿಗೇ ಕಾಣುತ್ತದೆ. ಎಂಜಿನ್ನಿನ ಆರೋಗ್ಯವನ್ನು ಸ್ಪಾರ್ಕ್ ಪ್ಲಗ್ಗಿನ ಬಾಯಿ ಹೇಳುತ್ತದೆ. ಅದು ತಿಳಿಗಂದಾಗಿದ್ದರೆ ಕ್ಷೇಮ. ಕಾಡಿಗೆಯಂತೆ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬೆಳ್ಳಗಾಗಿದ್ದರೆ ಕಡಮೆ, ಪಿಸ್ಟನ್ನು ಸುಟ್ಟುಹೋಗುವ ಭಯವುಂಟು. ಚುರುಕುಗೊಳಿಸಿದ ಎಂಜಿನ್ನಿಗೆ ಎಣ್ಣೆಯನ್ನು ಸಾಮಾನ್ಯ ಗಾಡಿಗಿಂತ ಬೇಗ ಬದಲಾಯಿಸಬೇಕು. ತೆಗೆದ ಎಣ್ಣೆಯನ್ನು ಬೆರಳ ನಡುವೆ ತಿಕ್ಕಿ ಬೆಳಕಿಗೆ ಹಿಡಿದರೆ, ಬೇರಿಂಗು ಸವೆಯುತ್ತಿದ್ದಲ್ಲಿ ಲೋಹದ ಮಿನುಗು ತೋರುತ್ತದೆ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ತೇವ ಸೇರಿದ ದ್ರವ ಬಿಸಿಯಲ್ಲಿ ಬೇಗನೆ ಕುದಿದು ಆವಿಯಾಗುತ್ತದೆ. ಆಗ ಪೆಡಲನ್ನು ಎಷ್ಟು ತುಳಿದರೂ ಕಾಲು ನೆಲಕ್ಕೆ ಹೋಗುತ್ತದೆಯೇ ವಿನಾ ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ, ಗಾಡಿ ಓಡಿರಲಿ ಓಡದಿರಲಿ, ಅದನ್ನು ಪೂರ್ತಿಯಾಗಿ ತೆಗೆದು ಮುದ್ರೆ ಒಡೆಯದ ಡಬ್ಬಿಯಿಂದ ಹೊಸದನ್ನು ತುಂಬಬೇಕು.