ಸುಂಕದ ಕಟ್ಟೆಯೊಳಗೊಂದು ಸುತ್ತು

ಬೆಳಿಗ್ಗೆ ಹತ್ತಕ್ಕೆ ಗೇಟಿನ ಮುಂದೆ ನಿಂತಾಗ ಮೊದಲು ಕಂಡದ್ದು ಲಾರಿಗಳ ಸಾಲು. ವಿಮಾನ ನಿಲ್ದಾಣ ಅಂದರೆ ನಮಗೆ ನೆನಪಾಗುವುದು ಪ್ರಯಾಣಿಕರ ಗಾಜಿನ ಬಾಗಿಲು. ಇದು ಅದರ ಹಿತ್ತಲು, ಕಾರ್ಗೋ ಸಂಕೀರ್ಣ. ಕೊರೋನಾ ಕಾಲದಲ್ಲಿ ವೆಂಟಿಲೇಟರು, ಪಿಪಿಇ ಕಿಟ್ಟು, ಆಕ್ಸಿಜನ್ ಕಾನ್ಸಂಟ್ರೇಟರುಗಳು ದೇಶದೊಳಗೆ ಬಂದದ್ದು ಇಂಥ ಹಿತ್ತಲ ಬಾಗಿಲುಗಳಿಂದ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆ ಕೇಳುತ್ತಲೇ ಬೆಳೆದವರು ನಾವು. ಊರಿಗೆ ಊರೇ ದುಃಖ ಹೇಳಿಕೊಂಡ ಆ ದಿನಗಳಲ್ಲಿ ಸುಂಕದ ಕಟ್ಟೆ ಹೇಗೆ ನಡೆಯಿತು ಎಂದು ತಿಳಿಯುವ ಆಸೆಯಿಂದ ಒಳಗೆ ಹೊರಟೆ.

ಗೇಟಿನಲ್ಲಿ ಚಾಲಕನೊಬ್ಬ ಕಾವಲುಗಾರನ ಮುಂದೆ ಫೋನು ಹಿಡಿದ. ಗೇಟ್ ಪಾಸು ಅದರಲ್ಲೇ ಇತ್ತು. ಮೊದಲು ಈ ಪಾಸೂ, ಆಮದಿನ ಘೋಷಣಾಪತ್ರವಾದ ಬಿಲ್ ಆಫ್ ಎಂಟ್ರಿಯ ಪ್ರತಿಯೂ ಕೈಯಿಂದ ಕೈಗೆ ದಾಟಬೇಕಿತ್ತು. 2020ರ ಏಪ್ರಿಲ್‌ನಲ್ಲಿ, ಮನುಷ್ಯರು ಹತ್ತಿರ ನಿಲ್ಲುವುದೇ ಅಪಾಯವಾಗಿದ್ದಾಗ, ಅವನ್ನು ಪಿಡಿಎಫ್ ಮಾಡಿ ಇ-ಮೇಲಿನಲ್ಲಿ ಕಳಿಸತೊಡಗಿದರು. ಆಗ ಬಂದದ್ದು ಹಾಗೇ ಉಳಿದಿದೆ.

ಒಳಗೆ ಎಡಕ್ಕೆ ಒಂದು ಕೌಂಟರು, ಆಮದುದಾರರು ಸುಂಕ ಇಲಾಖೆಗೆ ಖಾತರಿಯಾಗಿ ಬಾಂಡ್ ಕೊಡುವ ಜಾಗ. ಛಾಪಾ ಕಾಗದ, ನೋಟರಿ ಮುದ್ರೆ, ಸಹಿ. ಸಾಮಾನ್ಯ ದಿನಗಳಲ್ಲಿ ಇದು ಸಣ್ಣ ಕೆಲಸ. ಆದರೆ ಲಾಕ್‌ಡೌನಿನಲ್ಲಿ ಛಾಪಾ ಕಾಗದ ಎಲ್ಲಿ ಸಿಗಬೇಕು? ನೋಟರಿ ಮನೆಯಲ್ಲಿ, ಅಂಗಡಿಗೆ ಬೀಗ, ಸರಕು ಶೆಡ್ಡಿನಲ್ಲಿ. ಆ ಏಪ್ರಿಲ್ ಮೊದಲ ವಾರದಲ್ಲಿ ಹೊಸ ಆದೇಶ ಬಂತು: ಸದ್ಯಕ್ಕೆ ಬರಹದಲ್ಲೊಂದು ಮುಚ್ಚಳಿಕೆ ಕೊಟ್ಟರೆ ಸಾಕು, ಬಾಂಡ್ ಆಮೇಲೆ ತನ್ನಿ. ಸರ್ಕಾರಿ ಕಚೇರಿಯೊಂದು ‘ಆಮೇಲೆ ತನ್ನಿ’ ಅಂದದ್ದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಆ ಸೌಲಭ್ಯದ ಅವಧಿ ಮುಗಿಯಿತು. ಎರಡನೇ ಅಲೆ ಬಂದಾಗ, 2021ರ ಮೇ ತಿಂಗಳಲ್ಲಿ, ಅದೇ ಮಾತನ್ನು ಮತ್ತೆ ಬರೆದು ಹೊರಡಿಸಬೇಕಾಯಿತು.

ಅಲ್ಲಿಂದ ಆಮದು ಶೆಡ್ಡು. ನೆಲದ ಮೇಲೆ ಮಾಸಿದ ಹಳದಿ ವೃತ್ತಗಳಿವೆ. ಅಂತರ ಕಾಯಲು ಆಗ ಬಳಿದವೋ, ಟ್ರಾಲಿ ನಿಲ್ಲಿಸುವ ಗುರುತೋ, ನನಗೆ ನಿರ್ಧರಿಸಲಾಗಲಿಲ್ಲ. ಆಚೆ ಶೀತಲ ಕೋಣೆ. ಬಾಗಿಲಲ್ಲಿ 2ರಿಂದ 8 ಡಿಗ್ರಿ ಎಂಬ ಬರಹ. ಲಸಿಕೆಗೆ ಕಾಯುವ ಶಕ್ತಿ ಕಡಿಮೆ ಎಂಬುದು ಆ ಬಾಗಿಲ ಮುಂದೆ ನಿಂತರೆ ಮೈಗೆ ತಿಳಿಯುತ್ತದೆ.

ಪರೀಕ್ಷೆಗೆ ಪೆಟ್ಟಿಗೆ ಬಿಚ್ಚುವ ಮೂಲೆಯಲ್ಲಿ ತುಸು ಹೆಚ್ಚು ಹೊತ್ತು ನಿಂತೆ. ಕಾನ್ಸಂಟ್ರೇಟರಿನ ಕಥೆ ನನ್ನನ್ನು ಕಾಡಿದ್ದು ಇಲ್ಲಿ. ಎರಡನೇ ಅಲೆ ಬಂದಾಗ ವ್ಯಾಪಾರಿಯೊಬ್ಬ ಅದನ್ನು ತರಿಸಿದರೆ ಐಜಿಎಸ್‌ಟಿ, ಅಂದರೆ ಆಮದಿನ ಮೇಲಿನ ಜಿಎಸ್‌ಟಿ, ಶೇ 12 ಇತ್ತು. ಅದೇ ಯಂತ್ರವನ್ನು ಪರದೇಶದಲ್ಲಿರುವ ಮಗ ಉಸಿರಿಗೆ ಒದ್ದಾಡುವ ಅಪ್ಪನಿಗೆ ಕಳಿಸಿದರೆ ಶೇ 28 ಇತ್ತು. ಸ್ವಂತ ಬಳಕೆಗೆ ತರಿಸುವ ವಸ್ತುಗಳಿಗೆಲ್ಲ ಬೇರೆಯೇ ಶೀರ್ಷಿಕೆ, ಬೇರೆಯೇ ದರ. ವಾಚು, ಕ್ಯಾಮೆರಾಗಳನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮವಿರಬೇಕು. ಅದರೊಳಗೆ ಉಸಿರಾಟದ ಯಂತ್ರವೂ ಸಿಕ್ಕಿಕೊಂಡಿತು. 2021ರ ಮೇ 1ರಂದು ಆ ಶೇ 28ನ್ನು ಶೇ 12ಕ್ಕೆ ಇಳಿಸಿದರು, ಜೂನ್ 30ರವರೆಗೆ. ಮೂಲ ಸೀಮಾ ಸುಂಕವನ್ನು ಏಪ್ರಿಲ್ 24ರಂದೇ ಮೂರು ತಿಂಗಳ ಮಟ್ಟಿಗೆ ಬಿಟ್ಟಿದ್ದರು. ಉಚಿತ ಹಂಚಿಕೆಗೆ ದಾನವಾಗಿ ಬಂದ ಸಾಮಗ್ರಿಗೆ ಐಜಿಎಸ್‌ಟಿ ಬೇಡ ಎಂದದ್ದು ಮೇ 3ಕ್ಕೆ. ಹತ್ತೇ ದಿನಗಳಲ್ಲಿ ಮೂರು ತಿದ್ದುಪಡಿ. ಆ ಹತ್ತು ದಿನ ಆಸ್ಪತ್ರೆಗಳ ಬಾಗಿಲಲ್ಲಿ ಹೇಗಿದ್ದವೆಂದು ಕಂಡವರು ಇದನ್ನು ಬೇಗ ಅನ್ನಲಾರರು.

ಪಕ್ಕದ ರಫ್ತು ಶೆಡ್ಡಿಗೆ ಇಣುಕಿ ಬಂದೆ, ಅಷ್ಟೆ. ಒಳಗೆ ಬರುವುದನ್ನು ಬೇಗ ಬಿಡಿ ಎಂದಷ್ಟೇ ಗಟ್ಟಿಯಾಗಿ, ಹೊರಗೆ ಹೋಗುವುದನ್ನು ತಡೆಯಿರಿ ಎಂಬ ಆಜ್ಞೆಯೂ ಆಗ ಇತ್ತು. 2020ರ ಮಾರ್ಚಿನಲ್ಲಿ ವೆಂಟಿಲೇಟರು, 2021ರ ಏಪ್ರಿಲ್‌ನಲ್ಲಿ ರೆಮ್‌ಡೆಸಿವಿರ್.

ಕೊನೆಗೆ ಮೇಲಿನ ಮಹಡಿ, ಸುಂಕ ನಿರ್ಧರಿಸುವ ಹಜಾರ. ಜನ ಕಡಿಮೆ, ಪರದೆಗಳು ಹೆಚ್ಚು. 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಗಳಲ್ಲಿ ಮೊದಲ ಹಂತವಾಗಿ ಆರಂಭವಾದ ಮುಖರಹಿತ ನಿರ್ಧಾರಣೆ ಅದೇ ವರ್ಷದ ಅಕ್ಟೋಬರ್ ಕೊನೆಗೆ ದೇಶವಿಡೀ ಹರಡಿತು. ಒಂದು ಊರಿಗೆ ಬಂದ ಸರಕಿನ ಕಡತವನ್ನು ಇನ್ನೊಂದು ಊರಿನ ಅಧಿಕಾರಿ ನೋಡುತ್ತಾನೆ. ಯೋಚನೆ ಸೋಂಕಿಗಿಂತ ಹಳೆಯದು. ಸೋಂಕು ಅದಕ್ಕೆ ಕಾರಣ ಒದಗಿಸಿತು. ಲಂಚ, ಶಿಫಾರಸು ತಗ್ಗಲು ಇದು ಒಳ್ಳೆಯದೇ. ಆದರೆ ತುರ್ತಿನಲ್ಲಿ ಪೆಟ್ಟಿಗೆಯ ಬಳಿಗೆ ನಡೆದು ಹೋಗಿ ನೋಡಬಲ್ಲ ಅಧಿಕಾರಿಯೇ ಮೇಲೇನೋ ಎಂಬ ಅನುಮಾನ ನನ್ನಲ್ಲಿ ಉಳಿಯಿತು.

ಹೊರಗೆ ಬರುವ ಹೊತ್ತಿಗೆ ಲಾರಿಗಳ ಸಾಲು ಅರ್ಧ ಕರಗಿತ್ತು. ಮತ್ತೆ ಮತ್ತೆ ಮನಸ್ಸಿಗೆ ಬಂದದ್ದು ಆ ವಿನಾಯಿತಿಗಳ ಕೊನೆಯ ದಿನಾಂಕಗಳು. 2020ರ ಏಪ್ರಿಲ್‌ನಲ್ಲಿ ಮಾಸ್ಕು, ಪರೀಕ್ಷಾ ಕಿಟ್ಟು, ವೆಂಟಿಲೇಟರುಗಳಿಗೆ ಕೊಟ್ಟ ಸುಂಕ ವಿನಾಯಿತಿಗೆ ಸೆಪ್ಟೆಂಬರ್ 30 ಎಂದು ಗಡಿ ಹಾಕಿದ್ದರು. ರೋಗ ಆ ಗಡಿಯನ್ನು ಕಾಯಲಿಲ್ಲ. ಹಾಗಾಗಿ ಮುಂದಿನ ಸಲಕ್ಕೆ ಯಾವ ವಸ್ತುವಿಗೆ ಸುಂಕ ಬೇಡ, ಯಾವ ಕಾಗದ ಆಮೇಲೆ ಕೊಟ್ಟರೆ ಸಾಕು ಎಂಬ ಪಟ್ಟಿ ಈಗಲೇ ಕಾನೂನಿನಲ್ಲಿ ಸೇರಿರಲಿ. ಆರೋಗ್ಯ ತುರ್ತುಸ್ಥಿತಿ ಘೋಷಣೆಯಾದ ದಿನವೇ ತಾನಾಗಿ ಜಾರಿಗೆ ಬರುವಂತಿರಲಿ.