ಸಾಮಂತರ ಜಾಗಕ್ಕೆ ಬಂದ ಕಂಪನಿಗಳು

ಒಂದು ಲೋಹದ ಮೈಯಲ್ಲಿ ತೋಡು ಕೊರೆದು, ಅದರೊಳಗೆ ಬೇರೆ ಬಣ್ಣದ ಲೋಹವನ್ನು ಬಡಿದು ಕೂರಿಸಿ ಚಿತ್ತಾರ ಮೂಡಿಸುವ ಕುಸುರಿ ಕೆಲಸಕ್ಕೆ ಜಪಾನಿನಲ್ಲಿ ‘ಝೋಗನ್’ ಎಂದು ಹೆಸರು. ಬೀದರಿನ ಬಿದ್ರಿ ಹೂಜಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿದ್ರಿಯಲ್ಲಿ ಸತು ಪ್ರಧಾನವಾದ ಎರಕದ ಮೇಲೆ ಬೆಳ್ಳಿ ಕೂರುತ್ತದೆ, ಕೋಟೆಯ ಮಣ್ಣು ಅದಕ್ಕೆ ಕಪ್ಪು ಬಣ್ಣ ಕೊಡುತ್ತದೆ. ಜಪಾನಿನಲ್ಲಿ ಕಬ್ಬಿಣ ಅಥವಾ ತಾಮ್ರದ ಮಿಶ್ರಲೋಹದ ಮೇಲೆ ಚಿನ್ನ, ಬೆಳ್ಳಿ, ತಾಮ್ರಗಳು ಕೂರುತ್ತವೆ. ಕನಜಾವಾ ನಗರದ ಕಾಗಾ ಝೋಗನ್, ಕುಮಾಮೊಟೊದ ಹಿಗೊ ಝೋಗನ್, ಕ್ಯೋಟೊದ ಕ್ಯೋ ಝೋಗನ್ ಈ ಕಲೆಯ ಹೆಸರಾಂತ ಮೂರು ಪರಂಪರೆಗಳು.

ಕ್ಯೋಟೊ ಮತ್ತು ಕುಮಾಮೊಟೊಗಳ ಕುಶಲಕರ್ಮಿಗಳು ಕಬ್ಬಿಣದ ಮೈಮೇಲೆ ಚಾಣದಿಂದ ಬಟ್ಟೆಯ ನೇಯ್ಗೆಯಂತೆ ಅಡ್ಡಡ್ಡ, ಉದ್ದುದ್ದ ಸಣ್ಣ ಗೀರುಗಳನ್ನು ಹಾಕಿ, ಚಿನ್ನ ಬೆಳ್ಳಿಯ ತೆಳು ತಗಡನ್ನು ಅದಕ್ಕೆ ಬಡಿದು ಹಿಡಿಸುತ್ತಾರೆ. ಕಾಗಾದವರ ದಾರಿಯೇ ಬೇರೆ. ಅವರು ತೋಡನ್ನು ಆಳವಾಗಿ ಕೊರೆಯುತ್ತಾರೆ. ಆಮೇಲೆ ಇನ್ನೊಂದು ಚಾಣ ತೆಗೆದುಕೊಂಡು ತೋಡಿನ ಎರಡೂ ಗೋಡೆಗಳನ್ನು ಒಳಗಿನಿಂದ ಓರೆಯಾಗಿ ಕೆತ್ತಿ, ಬಾಯಿ ಕಿರಿದು, ತಳ ಅಗಲ ಇರುವಂತೆ ಮಾಡುತ್ತಾರೆ. ತೋಡಿನ ಬಾಯಿಯ ಅಳತೆಗೆ ಕತ್ತರಿಸಿದ ಬೆಳ್ಳಿಯ ತುಂಡನ್ನು ಅದರಲ್ಲಿಟ್ಟು ಸುತ್ತಿಗೆಯಿಂದ ಬಡಿದಾಗ ಅದು ತಳದಲ್ಲಿ ಹರಡಿಕೊಂಡು ಸಿಕ್ಕಿಕೊಳ್ಳುತ್ತದೆ. ಅಂಟಿಲ್ಲ, ಬೆಸುಗೆಯಿಲ್ಲ. ಹೊರಗೆ ಉಳಿದದ್ದನ್ನು ಅರದಿಂದ ಉಜ್ಜಿ ನುಣುಪು ಮಾಡಿದರೆ ಎರಡು ಲೋಹಗಳ ನಡುವಿನ ಗಡಿ ಬೆರಳಿಗೆ ತಾಗುವುದಿಲ್ಲ. ಕಾಗಾದ ಕಲಾವಿದರು ಕುದುರೆಯ ರಿಕಾಪಿಗೆ ಮಾಡಿಕೊಟ್ಟ ಇಂಥ ಕೆಲಸ ಎಷ್ಟು ತುಳಿದರೂ ಕಳಚುವುದಿಲ್ಲ ಎಂದು ಹೆಸರು ಮಾಡಿತ್ತು.

ಈ ಹಂತದಲ್ಲಿ ಪಾತ್ರೆ ಇನ್ನೂ ಸಪ್ಪೆಯಾಗಿಯೇ ಕಾಣುತ್ತದೆ. ಬಣ್ಣ ಬರುವುದು ಕೊನೆಯಲ್ಲಿ, ಅದೂ ಬಣ್ಣ ಬಳಿದಲ್ಲ. ಮಾಡಿದ ವಸ್ತುವಿಗೆ ತುರಿದ ಮೂಲಂಗಿಯ ರಸ ಹಚ್ಚಿ, ತಾಮ್ರದ ಕಿಲುಬು ಮತ್ತು ಮೈಲುತುತ್ತ ಕರಗಿಸಿದ ನೀರಿನಲ್ಲಿ ಕುದಿಸುತ್ತಾರೆ. ತಾಮ್ರಕ್ಕೆ ತುಸು ಚಿನ್ನ ಬೆರೆಸಿದ ‘ಶಕುಡೊ’ ಆಗ ನೀಲಿ ಮಿಂಚಿನ ಕಪ್ಪಾಗುತ್ತದೆ. ತಾಮ್ರಕ್ಕೆ ಬೆಳ್ಳಿ ಬೆರೆಸಿದ ‘ಶಿಬುಇಚಿ’ ಮಬ್ಬು ಬೂದಿ ಬಣ್ಣಕ್ಕೆ ತಿರುಗುತ್ತದೆ. ಚಿನ್ನ, ಬೆಳ್ಳಿ ಮಾತ್ರ ಹಾಗೆಯೇ ಉಳಿಯುತ್ತವೆ.

ತಿಂಗಳುಗಟ್ಟಲೆ ಕೂತು ಮಾಡುವ ಇಂಥ ಕೆಲಸವನ್ನು ಸಂತೆಯಲ್ಲಿ ಮಾರಿ ಬದುಕಲು ಎಂದೂ ಆಗಿರಲಿಲ್ಲ. ಕಾಗಾ ಸೀಮೆಯ ಮಯೆದಾ ಮನೆತನ ಜಪಾನಿನ ಸಾಮಂತರಲ್ಲೇ ಅತ್ಯಂತ ಸಿರಿವಂತ ಮನೆತನ. ಕ್ಯೋಟೊದ ಗೊಟೊ ವಂಶದ ಲೋಹಶಿಲ್ಪಿಗಳನ್ನು ಕರೆಸಿ, ಅರಮನೆಯ ಕಾರ್ಯಾಗಾರದಲ್ಲಿ ಕೆಲಸ ಕೊಟ್ಟು ಸಾಕಿದ್ದು ಅದೇ. ಹಿಗೊದಲ್ಲಿ ಹೊಸೊಕಾವಾ ಮನೆತನದ ಆಸರೆಯಲ್ಲಿ ಹಯಾಶಿ ಮತಶಿಚಿ ಎಂಬ ಬಂದೂಕು ಕಮ್ಮಾರ ನಳಿಗೆಗಳಿಗೂ ಕತ್ತಿಯ ಹಿಡಿಯ ತಟ್ಟೆಗಳಿಗೂ ಚಿನ್ನದ ಕುಸುರಿ ಹಾಕಿ ಹೆಸರು ಮಾಡಿದ. ಗಿರಾಕಿ ಒಬ್ಬನೇ, ಆದರೆ ಅವನ ಕೈ ದೊಡ್ಡದು. ಈ ಏರ್ಪಾಡಿನ ಬಲವೂ ಅದೇ, ದೌರ್ಬಲ್ಯವೂ ಅದೇ.

1868ರ ಮೇಜಿ ಕ್ರಾಂತಿಯ ನಂತರ ಸಾಮಂತರ ಸಂಸ್ಥಾನಗಳು ಹೋದವು. 1876ರಲ್ಲಿ ಸಮುರಾಯಿಗಳು ಕತ್ತಿ ಕಟ್ಟಿಕೊಂಡು ಓಡಾಡುವುದನ್ನೇ ಸರ್ಕಾರ ನಿಷೇಧಿಸಿತು. ಕತ್ತಿಯ ತಟ್ಟೆ, ರಿಕಾಪು, ರಕ್ಷಾಕವಚ ಮಾಡುತ್ತಿದ್ದವರ ಕೈ ಬರಿದಾಯಿತು. ಆ ವರ್ಷಗಳಲ್ಲೇ ಮೊದಲ ಬಾರಿಗೆ ಸಾಮಂತನ ಜಾಗಕ್ಕೆ ಕಂಪನಿ ಬಂತು. 1874ರಲ್ಲಿ ಸರ್ಕಾರದ ಬೆಂಬಲದಿಂದ ಹುಟ್ಟಿದ ‘ಕಿರ್ಯು ಕೋಶೊ ಕೈಶಾ’ ಜಪಾನಿ ಕರಕುಶಲ ವಸ್ತುಗಳನ್ನು ಯುರೋಪು, ಅಮೆರಿಕಗಳಿಗೆ ಮಾರಿತು. 1877ರಲ್ಲಿ ಕನಜಾವಾದಲ್ಲಿ ಕಂಚು ತಾಮ್ರದ ಕೆಲಸದ ಕಂಪನಿಯೊಂದು ಶುರುವಾಗಿ, ಕೆಲಸ ಕಳೆದುಕೊಂಡ ಕಾಗಾದ ಲೋಹಶಿಲ್ಪಿಗಳನ್ನು ಒಟ್ಟುಗೂಡಿಸಿತು. ರಿಕಾಪಿನ ಬದಲು ಹೂದಾನಿ, ಧೂಪದಾನಿಗಳು ಹೊರಬಂದವು. ಕ್ಯೋಟೊದಲ್ಲಿ ಕೊಮಾಯಿ ಮನೆತನದವರು ಕಬ್ಬಿಣದ ಮೇಲೆ ಚಿನ್ನದ ಗೀರು ಚಿತ್ರಗಳಿರುವ ಪೆಟ್ಟಿಗೆ, ತಟ್ಟೆಗಳನ್ನು ವಿದೇಶಿ ಪ್ರವಾಸಿಗಳಿಗೆ ಮಾರಿ ಗೆದ್ದರು. ಕನಜಾವಾದ ಕಂಪನಿ ಮಾತ್ರ ಆ ಶತಮಾನ ಮುಗಿಯುವ ಮೊದಲೇ ಬಾಗಿಲು ಹಾಕಿತು. ರಫ್ತಿನ ಮೇಲೆ ನಿಂತ ವ್ಯಾಪಾರ ಪರದೇಶದ ಅಭಿರುಚಿ ಹೊರಳಿದ ಕಡೆ ಹೊರಳಲೇಬೇಕು. ಮೇಜಿ ಕಾಲದ ಒಳ್ಳೊಳ್ಳೆಯ ಕೃತಿಗಳು ಹೊರದೇಶಗಳಲ್ಲೇ ಉಳಿದವು. ಅವನ್ನು ಮರಳಿ ಕೊಂಡು ತರಲು ಮುಂದೆ ಇನ್ನೊಂದು ಉದ್ಯಮದ ಸಂಪತ್ತು ಬೇಕಾಯಿತು: ಎಲೆಕ್ಟ್ರಾನಿಕ್ ಬಿಡಿಭಾಗ ಮಾಡುವ ಮುರಾಟಾ ಕಂಪನಿಯ ನಿರ್ದೇಶಕರಾಗಿದ್ದ ಮಸಯುಕಿ ಮುರಾಟಾ 2000ದಲ್ಲಿ ಕ್ಯೋಟೊದಲ್ಲಿ ತೆರೆದ ಕಿಯೊಮಿಝು ಸನ್ನೆನ್‌ಝಾಕಾ ಸಂಗ್ರಹಾಲಯದಲ್ಲಿ ಅಂಥ ಕೃತಿಗಳನ್ನು ಇಂದು ನೋಡಬಹುದು.

ಎರಡನೆಯ ಮಹಾಯುದ್ಧದ ನಂತರ ಜಪಾನ್ ಸರ್ಕಾರ ಪರಂಪರೆಯ ಕುಶಲಿಗಳನ್ನು ಗುರುತಿಸಿ ಮನ್ನಣೆ ಕೊಡುವ ವ್ಯವಸ್ಥೆ ಕಟ್ಟಿತು. ಜನ ಅವರನ್ನು ‘ಜೀವಂತ ರಾಷ್ಟ್ರೀಯ ನಿಧಿ’ ಎಂದು ಕರೆಯುತ್ತಾರೆ. ಅವರಿಗೆ ಸರ್ಕಾರದಿಂದ ವರ್ಷಕ್ಕೆ 20 ಲಕ್ಷ ಯೆನ್ ಸಿಗುತ್ತದೆ. ಮರ್ಯಾದೆ ದೊಡ್ಡದೇ. ಆದರೆ ಕಾರ್ಯಾಗಾರ ನಡೆಸಿ, ಶಿಷ್ಯರನ್ನು ತಯಾರು ಮಾಡಲು ಅಷ್ಟೇ ಸಾಲದು, ಕೃತಿಗಳನ್ನು ಕೊಳ್ಳುವವರೂ ಬೇಕು. 1954ರಿಂದ ನಡೆಯುತ್ತಿರುವ ಜಪಾನ್ ಪಾರಂಪರಿಕ ಕುಶಲಕಲಾ ಪ್ರದರ್ಶನ ಇಲ್ಲಿ ನೆರವಾಗಿದೆ. ಅಸಾಹಿ ಶಿಂಬುನ್ ಪತ್ರಿಕೆ ಅದರ ಸಂಘಟಕರಲ್ಲೊಂದು. ಟೋಕಿಯೊದಲ್ಲಿ ಪ್ರದರ್ಶನಕ್ಕೆ ಜಾಗ ಕೊಡುತ್ತಿರುವುದು ಮಿತ್ಸುಕೋಶಿ ಎಂಬ ದೊಡ್ಡ ಅಂಗಡಿ. ಸೀರೆ, ತರಕಾರಿ ಮಾರುವ ಕಟ್ಟಡದಲ್ಲೇ ಕಲಾಪ್ರದರ್ಶನವೇ ಎಂದು ನಮ್ಮಲ್ಲಿ ಯಾರಾದರೂ ಹುಬ್ಬೇರಿಸಬಹುದು. ಜಪಾನಿನಲ್ಲಿ ಅಂಥ ಅಂಗಡಿಗಳ ಮೇಲಂತಸ್ತಿನ ಗ್ಯಾಲರಿಗಳೇ ಕುಶಲಕಲೆಯ ಮುಖ್ಯ ಮಾರುಕಟ್ಟೆ.

ಪ್ಯಾನಸಾನಿಕ್‌ನ ಸ್ಥಾಪಕ ಕೊನೊಸುಕೆ ಮತ್ಸುಶಿತಾ ಕುಶಲಿಗಳ ಸಂಘಟನೆಯಾದ ಜಪಾನ್ ಕುಶಲಕಲಾ ಸಂಘದ ಕಿಂಕಿ ಪ್ರಾಂತ್ಯ ಶಾಖೆಯ ಮುಖ್ಯಸ್ಥರಾಗಿದ್ದವರು. ಸೌಂದರ್ಯ ಸಾಧನಗಳ ಕಂಪನಿ ಪೋಲಾ 1979ರಲ್ಲಿ ಪಾರಂಪರಿಕ ಸಂಸ್ಕೃತಿಗಾಗಿಯೇ ಪ್ರತಿಷ್ಠಾನ ಕಟ್ಟಿತು. ಪ್ರಶಸ್ತಿ ಕೊಡುವುದರ ಜೊತೆಗೆ ಅದು ಕುಶಲಿಗಳ ಕೆಲಸವನ್ನು ಸಾಕ್ಷ್ಯಚಿತ್ರಗಳಲ್ಲಿ ದಾಖಲಿಸುತ್ತದೆ. ಪ್ರಶಸ್ತಿಗಿಂತ ಈ ಚಿತ್ರಗಳದೇ ಹೆಚ್ಚಿನ ಉಪಕಾರವೆನ್ನಬೇಕು. ಚಾಣವನ್ನು ಎಷ್ಟು ಓರೆ ಹಿಡಿಯಬೇಕು, ಕುದಿಯುವ ನೀರಿನಿಂದ ಪಾತ್ರೆಯನ್ನು ಯಾವಾಗ ಎತ್ತಬೇಕು ಎಂಬುದು ಬರಹದಲ್ಲಿ ಉಳಿಯುವ ವಿದ್ಯೆಯಲ್ಲ. 1990ರಲ್ಲಿ ಕಲೆಗೆ ನೆರವಾಗುವ ಕಂಪನಿಗಳದೇ ಒಂದು ಒಕ್ಕೂಟವೂ ಹುಟ್ಟಿತು.

ಕಂಪನಿಗೂ ಕಾಗಾ ಝೋಗನ್‌ಗೂ ಇರುವ ನಂಟಿನಲ್ಲಿ ಎಲ್ಲಕ್ಕಿಂತ ಸ್ವಾರಸ್ಯದ್ದು ಮಮೊರು ನಕಗಾವಾ ಅವರ ಕಥೆ. ಕನಜಾವಾದಲ್ಲಿ 1947ರಲ್ಲಿ ಹುಟ್ಟಿ, ಅಲ್ಲಿನ ಕಲಾ ಕಾಲೇಜಿನಲ್ಲಿ ಕೈಗಾರಿಕಾ ವಿನ್ಯಾಸ ಓದಿದ ಅವರು ಇಂದು ಪ್ಯಾನಸಾನಿಕ್ ಆಗಿರುವ ಮತ್ಸುಶಿತಾ ಸಮೂಹದ ಕಂಪನಿಯಲ್ಲಿ ವಿದ್ಯುತ್ ಉಪಕರಣಗಳ ವಿನ್ಯಾಸಕಾರರಾಗಿದ್ದರು. 27ನೆಯ ವಯಸ್ಸಿಗೆ ಊರಿಗೆ ಮರಳಿದಾಗ ಪ್ರದರ್ಶನವೊಂದರಲ್ಲಿ ಹಳೆಯ ಕಾಗಾ ರಿಕಾಪುಗಳು ಕಣ್ಣಿಗೆ ಬಿದ್ದವು. ಕೈಶು ತಕಹಾಶಿ ಎಂಬ ಗುರುಗಳ ಬಳಿ ವಿದ್ಯೆ ಕಲಿತು, 2004ರಲ್ಲಿ ಜೀವಂತ ರಾಷ್ಟ್ರೀಯ ನಿಧಿ ಎನಿಸಿಕೊಂಡರು. ಕೂರಿಸಿದ ಲೋಹದ ಮೇಲೇ ಮತ್ತೆ ತೋಡು ಕೊರೆದು, ಪದರದ ಮೇಲೆ ಪದರ ಕೂರಿಸುವುದು ಅವರ ಕೈಚಳಕ. ಹೂಬಳ್ಳಿಗಳ ಜಾಗದಲ್ಲಿ ಅವರು ನಗರದ, ನಿಸರ್ಗದ ನೋಟಗಳನ್ನು ಗೆರೆ, ಚೌಕಗಳಿಗೆ ಇಳಿಸಿದರು. ಕಾರ್ಖಾನೆಗೆ ನಕ್ಷೆ ಬರೆದು ಪಳಗಿದ ಕಣ್ಣು ಅಲ್ಲಿ ಎದ್ದು ಕಾಣುತ್ತದೆ. 2023ರಲ್ಲಿ ಟೋಕಿಯೊದ ಪ್ಯಾನಸಾನಿಕ್ ಶಿಯೊದೊಮೆ ಸಂಗ್ರಹಾಲಯ ಅವರ ಲೋಹದ ಕೆಲಸ ಮತ್ತು ವಿನ್ಯಾಸಗಳ ದೊಡ್ಡ ಪ್ರದರ್ಶನ ನಡೆಸಿತು. ಮೂರು ವರ್ಷ ಸಂಬಳ ಕೊಟ್ಟಿದ್ದ ಸಂಸ್ಥೆಯೇ ಅರ್ಧ ಶತಮಾನದ ನಂತರ ಅವರ ಕಲೆಗೆ ವೇದಿಕೆಯಾಯಿತು.

ಇಂಥ ನೆರವಿಗೆ ಮಿತಿಯೂ ಉಂಟು. ಕಂಪನಿಯ ಬಜೆಟ್ಟು ವರ್ಷದಿಂದ ವರ್ಷಕ್ಕೆ ನಡೆಯುತ್ತದೆ, ಲಾಭ ಇಳಿದರೆ ಮೊದಲು ಕತ್ತರಿ ಬೀಳುವುದು ದಾನಧರ್ಮದ ಬಾಬ್ತಿಗೆ. ಝೋಗನ್ ಕೈಗೆ ಹತ್ತಲು ವರ್ಷಗಳೇ ಬೇಕು, ಚಾಣಗಳನ್ನು ಎಷ್ಟೋ ಸಲ ಕಲಾವಿದರೇ ಕಾಸಿ, ಬಡಿದು, ಮಸೆದು ಮಾಡಿಕೊಳ್ಳಬೇಕು. ಪ್ರದರ್ಶನ ನಡೆಸುವುದಕ್ಕೆ ಪ್ರಾಯೋಜಕರು ಸುಲಭವಾಗಿ ಸಿಗುತ್ತಾರೆ, ಕಲಿಯುವವನ ಅಷ್ಟು ವರ್ಷಗಳ ಊಟಕ್ಕೆ ಸಿಗುವುದು ಕಷ್ಟ. ಕನಜಾವಾದಲ್ಲಿ ಆ ಹೊರೆಯ ಒಂದು ಭಾಗವನ್ನು ನಗರಾಡಳಿತ ಹೊತ್ತಿದೆ. 1989ರಲ್ಲಿ ಅದು ತೆರೆದ ಉತತ್ಸುಯಾಮಾ ಕುಶಲಕಲಾ ಕಾರ್ಯಾಗಾರದಲ್ಲಿ ಲೋಹ, ಅರಗು, ಕುಂಬಾರಿಕೆ, ಬಣ್ಣಗಾರಿಕೆ, ಗಾಜು ಕಲಿಯಲು ಬರುವ ಯುವಕ ಯುವತಿಯರಿಗೆ ತಿಂಗಳ ಶಿಷ್ಯವೇತನ ಸಿಗುತ್ತದೆ.