ಸಮೀಕರಣ: ಬಾಯಿಪಾಠ ಬೇಡ, ಎಣಿಸಿ!

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ರಾಸಾಯನಿಕ ಸಮೀಕರಣಗಳನ್ನ ಉರು ಹೊಡೀತಿದ್ದೀರಾ? ಬೇಡ. ಎಣಿಸೋದು ಕಲೀರಿ.

ಕೆಂಪಗೆ ಕಾದ ಕಬ್ಬಿಣದ ಮೇಲೆ ನೀರಾವಿ ಹಾಯಿಸಿದ್ರೆ ಸಿಗೋದು ಎಫ್‌ಇ-3 ಓ-4, ಜೊತೆಗೆ ಹೈಡ್ರೋಜನ್.

ಎರಡೂ ಕಡೆ ಪರಮಾಣು ಎಣಿಸಿ ಇದನ್ನ ಸರಿದೂಗಿಸೋಣ. ಹೆಚ್ಚು ಪರಮಾಣು ಇರೋ ಸಂಯುಕ್ತದಿಂದ, ಅಂದ್ರೆ ಎಫ್‌ಇ-3 ಓ-4ರಿಂದ, ಶುರು ಮಾಡಿ. ಅದರಲ್ಲಿ ಆಕ್ಸಿಜನ್ 4. ಅಂದ್ರೆ ಎಡಗಡೆ ನೀರಿನ ಅಣು 4 ಬೇಕು. ಅವುಗಳಲ್ಲಿ ಹೈಡ್ರೋಜನ್ ಪರಮಾಣು 8. ಹಾಗಾಗಿ ಬಲಗಡೆ ಹೈಡ್ರೋಜನ್ ಅಣು 4. ಕೊನೆಗೆ ಎಡಗಡೆ ಕಬ್ಬಿಣ 3. ಸರಿದೂಗಿತು!

ನೆನಪಿಡಿ, ಅಣುಸೂತ್ರದೊಳಗಿನ ಅಂಕಿ ಮುಟ್ಟಬಾರದು. ಎಚ್‌-2 ಓ ಅನ್ನೋದನ್ನ ಎಚ್‌-2 ಓ-2 ಮಾಡಿದ್ರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್! ಸೂತ್ರದ ಮುಂದಿನ ಅಂಕಿ ಮಾತ್ರ ಬದಲಿಸಿ.

ನಾಳೆ ಬೆಳಿಗ್ಗೆ ಪುಸ್ತಕ ಮುಚ್ಚಿಟ್ಟು ಈ ಸಮೀಕರಣವನ್ನೇ ಮತ್ತೆ ಬರೀರಿ. ಬಂತು ಅಂದ್ರೆ, ಅದು ನಿಮ್ಮದೇ!